ಯಾರೂ ಯಾರನ್ನೂ ಹಿಂದಿಕ್ಕದ ರೇಸ್: ಮೊನಾಕೊ ಬೀದಿಗಳ ಕಥೆ

2024ರ ಮೇ 26ರ ರಾತ್ರಿ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಕೂತಿದ್ದೆ. ಒಂದು, ಅವತ್ತಿನ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಕಾರುಗಳು ಶುರುವಿಗೆ ನಿಂತಿದ್ದ ಕ್ರಮ. ಇನ್ನೊಂದು, ಅವು ಗುರಿ ಮುಟ್ಟಿದ ಕ್ರಮ. ಲೆಕ್ಲೇರ್, ಪಿಯಾಸ್ತ್ರಿ, ಸೈನ್ಸ್, ನಾರಿಸ್, ರಸೆಲ್, ವೆರ್‌ಸ್ಟಾಪನ್, ಹ್ಯಾಮಿಲ್ಟನ್, ಸುನೋಡಾ, ಆಲ್ಬನ್, ಗ್ಯಾಸ್ಲಿ. ಎರಡೂ ಪಟ್ಟಿಯಲ್ಲಿ ಮೊದಲ ಹತ್ತು ಹೆಸರು ಇವೇ, ಇದೇ ಕ್ರಮದಲ್ಲಿ. ನಡುವೆ 78 ಲ್ಯಾಪ್ ಓಡಿದ್ದರು. ಫಾರ್ಮುಲಾ ಒನ್ ಚರಿತ್ರೆಯಲ್ಲಿ ಹೀಗಾಗಿದ್ದು ಅದೇ ಮೊದಲು.

ಅದೇ ಸಂಜೆ ಗೆದ್ದ ಶಾರ್ಲ್ ಲೆಕ್ಲೇರ್ ಅವರ ಕಣ್ಣಲ್ಲಿ ನೀರಿತ್ತು. ಅವರು ಮೊನಾಕೊದಲ್ಲೇ ಹುಟ್ಟಿದವರು. ಕೊನೆಯ ಲ್ಯಾಪ್‌ಗಳಲ್ಲಿ ತೀರಿಹೋದ ತಂದೆಯ ನೆನಪಾಗಿ ಕಣ್ಣು ಮಂಜಾಯಿತು ಅಂತ ಆಮೇಲೆ ಹೇಳಿಕೊಂಡರು. ಆ ಊರಿನವನೊಬ್ಬ ಆ ಊರಿನ ರೇಸ್ ಗೆದ್ದು 93 ವರ್ಷವಾಗಿತ್ತು. ಹಿಂದಿನವರು ಲೂಯಿ ಶಿರೊನ್, 1931ರಲ್ಲಿ.

ಪ್ರತಿವರ್ಷ ಈ ರೇಸ್ ಬಂದಾಗ ಒಂದೇ ಜಗಳ. ಹಿಂದಿಕ್ಕಲು ಜಾಗವೇ ಇಲ್ಲದ ಕಡೆ ರೇಸ್ ಯಾಕೆ, ಕ್ಯಾಲೆಂಡರ್‌ನಿಂದ ತೆಗೆದುಹಾಕಿ ಅನ್ನುವವರು ಒಂದು ಕಡೆ. ಮೊನಾಕೊ ಇಲ್ಲದ ಫಾರ್ಮುಲಾ ಒನ್ ಎಂಥದ್ದು ಅನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪಿನವನು. ಆದರೆ ಮೊದಲ ಗುಂಪು ಹೇಳುವುದು ಸುಳ್ಳು ಅಂತ ಹೇಳಲು ಬಾಯಿ ಬರುವುದಿಲ್ಲ. ಹಾಗಾಗಿ ಈ ರೇಸ್ ಹೇಗೆ ಹುಟ್ಟಿತು, ಹೇಗೆ ಇಲ್ಲಿಗೆ ಬಂದು ನಿಂತಿತು ಅನ್ನುವುದನ್ನು ಒಮ್ಮೆ ಪೂರ್ತಿ ನೋಡೋಣ.

ಜಾಗ ಇಲ್ಲದ್ದಕ್ಕೇ ಹುಟ್ಟಿದ ರೇಸ್

ಮೊನಾಕೊ ಅಂದರೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಅಂಟಿಕೊಂಡಿರುವ, ಎರಡು ಚದರ ಕಿಲೋಮೀಟರ್ ಚಿಲ್ಲರೆ ವಿಸ್ತೀರ್ಣದ ಒಂದು ದೇಶ. ರಾಜವಂಶವಿದೆ, ಕ್ಯಾಸಿನೊ ಇದೆ, ಬಂದರಿದೆ. ಬಯಲು ಅನ್ನುವುದು ಮಾತ್ರ ಇಲ್ಲ. ಇಂಥ ಕಡೆ ಮೋಟಾರ್ ರೇಸ್ ಮಾಡೋಣ ಅಂತ ಯಾರಿಗಾದರೂ ಯಾಕೆ ಹೊಳೆಯಿತು?

ಉತ್ತರ ಒಂದು ಅರ್ಜಿಯಲ್ಲಿದೆ. ಅಲ್ಲಿನ ಆಟೊಮೊಬೈಲ್ ಕ್ಲಬ್ 1920ರ ದಶಕದಲ್ಲಿ ತನಗೆ ರಾಷ್ಟ್ರೀಯ ಕ್ಲಬ್‌ನ ಮಾನ್ಯತೆ ಕೊಡಿ ಅಂತ ಅಂತರರಾಷ್ಟ್ರೀಯ ಸಂಸ್ಥೆಗೆ ಅರ್ಜಿ ಹಾಕಿತು. ಅದು ತಿರಸ್ಕೃತವಾಯಿತು. ನೀವು ನಡೆಸುವ ಮಾಂಟೆ ಕಾರ್ಲೊ ರ‍್ಯಾಲಿಯೇನೋ ದೊಡ್ಡದೇ, ಆದರೆ ಅದು ಓಡುವುದೆಲ್ಲ ಬೇರೆ ದೇಶಗಳ ರಸ್ತೆಯಲ್ಲಿ. ನಿಮ್ಮ ಗಡಿಯೊಳಗೆ ನಡೆಯುವ ಒಂದು ಸ್ಪರ್ಧೆ ತೋರಿಸಿ ಎಂಬುದು ಆಕ್ಷೇಪಣೆ. ಕ್ಲಬ್ಬಿನ ಆಂತೊನಿ ನೊಗೆಸ್ ಎಂಬವರು ಅದನ್ನು ಸವಾಲಾಗಿ ತೆಗೆದುಕೊಂಡರು. ಊರಿನ ಬೀದಿಗಳನ್ನೇ ಜೋಡಿಸಿ ಒಂದು ಸುತ್ತು ಗುರುತು ಮಾಡಿದರು. ರಾಜ ಎರಡನೇ ಲೂಯಿಯ ಬೆಂಬಲ ಸಿಕ್ಕಿತು. 1929ರ ಏಪ್ರಿಲ್ 14ರಂದು ಮೊದಲ ರೇಸ್ ನಡೆದೇಹೋಯಿತು.

ಆ ಮೊದಲ ರೇಸಿನಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದ್ದರು. 100 ಲ್ಯಾಪ್‌ಗಳನ್ನು ನಾಲ್ಕು ಗಂಟೆಗೆ ನಾಲ್ಕೇ ನಿಮಿಷ ಕಡಿಮೆ ಅನ್ನುವಷ್ಟು ಹೊತ್ತಿನಲ್ಲಿ ಮುಗಿಸಿ ಗೆದ್ದದ್ದು ಹಸಿರು ಬಣ್ಣದ ಬುಗಾಟಿ ಓಡಿಸಿದ ವಿಲಿಯಮ್ಸ್ ಎಂಬಾತ. ಪೂರ್ತಿ ಹೆಸರು ವಿಲಿಯಂ ಗ್ರೋವರ್ ವಿಲಿಯಮ್ಸ್. ಎರಡನೇ ಮಹಾಯುದ್ಧದಲ್ಲಿ ಈತ ಬ್ರಿಟನ್ನಿನ ಗುಪ್ತ ಕಾರ್ಯಾಚರಣೆ ದಳ ಸೇರಿ, ನಾಜಿಗಳ ವಶದಲ್ಲಿದ್ದ ಫ್ರಾನ್ಸಿನಲ್ಲಿ ಕೆಲಸ ಮಾಡಿ, ಸಿಕ್ಕಿಬಿದ್ದು, ಸಾಕ್ಸೆನ್‌ಹೌಸನ್ ಶಿಬಿರದಲ್ಲಿ ಕೊಲೆಯಾದ. ಮೊನಾಕೊ ಅಂದರೆ ಬರೀ ವಿಹಾರ ನೌಕೆ, ಷಾಂಪೇನ್ ಅಂದುಕೊಂಡವರು ಮೊದಲ ವಿಜೇತನ ಈ ಬದುಕನ್ನು ನೆನಪಿಟ್ಟುಕೊಳ್ಳಬೇಕು.

ಸ್ವಾರಸ್ಯ ಇನ್ನೊಂದಿದೆ. ಚೀಟಿ ಎತ್ತುವುದನ್ನು ಬಿಟ್ಟು, ಅಭ್ಯಾಸದಲ್ಲಿ ಯಾರು ವೇಗವೋ ಅವರಿಗೆ ಮುಂದಿನ ಜಾಗ ಎಂಬ ಪದ್ಧತಿ ಗ್ರ್ಯಾನ್ ಪ್ರಿಗಳಲ್ಲಿ ಮೊದಲು ಬಂದದ್ದೂ ಮೊನಾಕೊದಲ್ಲೇ, 1933ರಲ್ಲಿ. ಶನಿವಾರವೇ ರೇಸ್ ಮುಗಿದುಹೋಗುತ್ತೆ ಅಂತ ನಾವೀಗ ಗೊಣಗುತ್ತೇವಲ್ಲ, ಆ ಶನಿವಾರದ ಬೀಜ ಬಿತ್ತಿದ್ದು ಇದೇ ಊರು.

ಒಂದು ಸುತ್ತು

ಈಗಿನ ಟ್ರ್ಯಾಕಿನ ಉದ್ದ 3.337 ಕಿಲೋಮೀಟರ್. 19 ತಿರುವು. ಉಳಿದ ಗ್ರ್ಯಾನ್ ಪ್ರಿಗಳೆಲ್ಲ ಕನಿಷ್ಠ 305 ಕಿಲೋಮೀಟರ್ ಓಡಬೇಕು ಎಂಬ ನಿಯಮವಿದ್ದರೆ ಮೊನಾಕೊಗೆ ಮಾತ್ರ ರಿಯಾಯಿತಿ: 260 ಕಿಲೋಮೀಟರ್ ಸಾಕು. ಇಲ್ಲಿ ಕಾರು ಅಷ್ಟು ನಿಧಾನ.

ಶುರುವಾದ ಕೂಡಲೇ ಬಲಕ್ಕೆ ಸೇಂಟ್ ದೆವೋತ್. ಊರಿನ ರಕ್ಷಕಿ ಸಂತಳ ಚಿಕ್ಕ ಚಾಪೆಲ್ ಅಲ್ಲಿದೆ, ತಿರುವಿಗೂ ಆಕೆಯದೇ ಹೆಸರು. ಅಲ್ಲಿಂದ ಬೆಟ್ಟ ಹತ್ತಿದ ಹಾಗೆ ಮೇಲೆ ಏರಿ, ಕ್ಯಾಸಿನೊ ಮುಂದೆ ಹಾದು, ಮಿರಾಬೊ ಕಡೆಗೆ ಇಳಿಯಬೇಕು. ಕೆಳಗಿನಿಂದ ಮೇಲಿನವರೆಗೆ ನಲವತ್ತು ಮೀಟರಿನಷ್ಟು ಏರಿಳಿತ. ಟೀವಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟೀವಿ ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ.

ಆಮೇಲೆ ಹೋಟೆಲ್ ಮುಂದಿನ ಆ ಪ್ರಸಿದ್ಧ ಹೇರ್‌ಪಿನ್ ತಿರುವು. ಹೋಟೆಲಿನ ಮಾಲೀಕರು ಬದಲಾದ ಹಾಗೆಲ್ಲ ಇದರ ಹೆಸರೂ ಬದಲಾಗಿದೆ: ಲೋವ್ಸ್, ಗ್ರ್ಯಾಂಡ್ ಹೋಟೆಲ್, ಫೇರ್‌ಮಾಂಟ್. ಅದಕ್ಕೂ ಮುಂಚೆ ರೈಲು ನಿಲ್ದಾಣ ಇದ್ದಾಗ ಸ್ಟೇಷನ್ ತಿರುವು. ಫಾರ್ಮುಲಾ ಒನ್‌ನಲ್ಲೇ ಅತಿ ನಿಧಾನದ ತಿರುವು ಇದು. ಗಂಟೆಗೆ ಐವತ್ತು ಕಿಲೋಮೀಟರ್ ಆಸುಪಾಸು, ನಮ್ಮ ಸಿಟಿ ಬಸ್ಸೂ ಖಾಲಿ ರಸ್ತೆ ಸಿಕ್ಕರೆ ಅಷ್ಟು ಓಡುತ್ತದೆ. ಮಾಮೂಲಿ ಸ್ಟೀರಿಂಗ್‌ನಲ್ಲಿ ಕಾರು ಇಲ್ಲಿ ತಿರುಗುವುದೇ ಇಲ್ಲ. ಚಕ್ರ ಇನ್ನಷ್ಟು ಹೊರಳುವ ಹಾಗೆ ಈ ಒಂದು ರೇಸಿಗೆಂದೇ ತಂಡಗಳು ಸ್ಟೀರಿಂಗ್ ವ್ಯವಸ್ಥೆ ಬದಲಿಸಿಕೊಂಡು ಬರುತ್ತವೆ.

ಪೋರ್ಟಿಯೇ ದಾಟಿದರೆ ಸುರಂಗ. ಬಿಸಿಲಿನಿಂದ ಒಮ್ಮೆಲೇ ಮಬ್ಬಿಗೆ, ಬಲಕ್ಕೆ ಬಾಗುತ್ತಲೇ ಪೂರ್ತಿ ವೇಗ, ಮತ್ತೆ ಕಣ್ಣು ಕುಕ್ಕುವ ಬಿಸಿಲಿಗೆ. ಆ ಬಿಸಿಲಲ್ಲೇ ಇಳಿಜಾರಿನಲ್ಲಿ ಬ್ರೇಕ್ ಒತ್ತಬೇಕು. ಹಿಂದಿಕ್ಕುವ ಅವಕಾಶ ಅಂತ ಏನಾದರೂ ಇದ್ದರೆ ಇಲ್ಲಿ ಮಾತ್ರ. ಮುಂದೆ ಬಂದರಿನ ಅಂಚಿನಲ್ಲಿ ತಬಾ, 1973ರಲ್ಲಿ ಸೇರಿಸಿದ ಈಜುಕೊಳದ ಸುತ್ತಿನ ತಿರುವುಗಳು, ರಾಸ್ಕಾಸ್, ಕೊನೆಗೆ ನೊಗೆಸ್ ಹೆಸರಿನದೇ ತಿರುವು. ಇದಿಷ್ಟಕ್ಕೂ 2025ರಲ್ಲಿ ಲ್ಯಾಂಡೊ ನಾರಿಸ್ ತೆಗೆದುಕೊಂಡದ್ದು 1 ನಿಮಿಷ 9.954 ಸೆಕೆಂಡ್.

ಮೂರು ಬಾರಿಯ ಚಾಂಪಿಯನ್ ನೆಲ್ಸನ್ ಪಿಕೆ ಇದನ್ನು ಮನೆಯ ಹಾಲ್‌ನಲ್ಲಿ ಸೈಕಲ್ ಹೊಡೆಯುವುದಕ್ಕೆ ಹೋಲಿಸಿದ್ದರು. ಆ ಹಾಲನ್ನು ಪ್ರತಿವರ್ಷ ಹೊಸದಾಗಿ ಕಟ್ಟಬೇಕು, ಮತ್ತೆ ಬಿಚ್ಚಬೇಕು. ಉಕ್ಕಿನ ತಡೆಗೋಡೆ, ಬಲೆ, ಪ್ರೇಕ್ಷಕರ ಅಟ್ಟಣೆ ಎಲ್ಲ ಎಬ್ಬಿಸಲು ಆರು ವಾರ, ತೆಗೆಯಲು ಮೂರು ವಾರ. ಮ್ಯಾನ್‌ಹೋಲ್ ಮುಚ್ಚಳಗಳನ್ನು ವೆಲ್ಡ್ ಮಾಡಬೇಕು, ಇಲ್ಲವಾದರೆ ಕಾರಿನ ಅಡಿಯ ಗಾಳಿಯ ಸೆಳೆತಕ್ಕೆ ಎದ್ದುಬರುತ್ತವೆ. 2016ರ ಅಭ್ಯಾಸದಲ್ಲಿ ಚರಂಡಿಯ ಮುಚ್ಚಳವೊಂದು ಎದ್ದು ಜೆನ್ಸನ್ ಬಟನ್ ಕಾರಿಗೆ ಬಡಿದಿತ್ತು. ಬೀದಿಯಲ್ಲಿ ರೇಸ್ ಅಂದರೆ ಎಷ್ಟು ಕೆಲಸ ಅನ್ನುವುದರ ರುಚಿ ನಮ್ಮ ನೆರೆಯವರೂ ನೋಡಿದ್ದಾರೆ: ಹೈದರಾಬಾದಿನ ಹುಸೇನ್ ಸಾಗರದ ಪಕ್ಕ 2023ರ ಫೆಬ್ರುವರಿಯಲ್ಲಿ ಫಾರ್ಮುಲಾ ಇ ನಡೆಯಿತು, ಒಂದೇ ವರ್ಷಕ್ಕೆ ನಿಂತುಹೋಯಿತು. 2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ನಡೆದ ರಾತ್ರಿ ರೇಸ್ ಹೈಕೋರ್ಟ್ ಮೆಟ್ಟಿಲು ಹತ್ತಿ ಇಳಿದ ಮೇಲೇ ನಡೆದದ್ದು. ಮೊನಾಕೊದಲ್ಲಿ ಇರುವವರೇ ನಲವತ್ತು ಸಾವಿರದ ಒಳಗೆ. ಅಲ್ಲಿ ಆಗುವುದೆಲ್ಲ ದೊಡ್ಡ ಊರುಗಳಲ್ಲಿ ಆಗುವುದಿಲ್ಲ.

ನೀರು, ಬೆಂಕಿ

ಸಮುದ್ರದ ಪಕ್ಕದ ರೇಸ್ ಅಂದಮೇಲೆ ಸಮುದ್ರವೂ ಅದರೊಳಗೆ ಬಂದಿದೆ. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದ ವರ್ಷ, ಅಲೆಯೊಂದು ದಂಡೆ ದಾಟಿ ತಬಾ ತಿರುವನ್ನು ಒದ್ದೆ ಮಾಡಿತ್ತು. ಮೊದಲ ಲ್ಯಾಪಿನಲ್ಲೇ ಒಂದರ ಮೇಲೊಂದು ಕಾರು ಗುದ್ದಿ ರೇಸಿನ ಅರ್ಧದಷ್ಟು ಮಂದಿ ಹೊರಬಿದ್ದರು. ಹುವಾನ್ ಮಾನ್ವೆಲ್ ಫಾಂಜಿಯೊ ಎಲ್ಲರಿಗಿಂತ ಮುಂದಿದ್ದರಿಂದ ಬಚಾವಾಗಿ ಗೆದ್ದರು.

1955ರಲ್ಲಿ ಆಲ್ಬೆರ್ತೊ ಅಸ್ಕಾರಿ ಕಾರು ಸಮೇತ ಬಂದರಿನ ನೀರಿಗೆ ಬಿದ್ದರು. ಮೂಗು ಮುರಿದುಕೊಂಡು ಮೇಲೆ ಬಂದರು. ಎಲ್ಲರೂ ನಿಟ್ಟುಸಿರು ಬಿಟ್ಟ ನಾಲ್ಕೇ ದಿನಕ್ಕೆ ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ ಬೇರೊಂದು ಕಾರನ್ನು ಪರೀಕ್ಷಿಸುವಾಗ ತೀರಿಕೊಂಡರು. ಹತ್ತು ವರ್ಷದ ನಂತರ ಪಾಲ್ ಹಾಕಿನ್ಸ್ ಕೂಡ ಅದೇ ನೀರಿಗೆ ಬಿದ್ದು ಈಜಿ ಪಾರಾದರು.

1967ರದ್ದು ಹೇಳಲು ಕಷ್ಟ. ಆಗ 100 ಲ್ಯಾಪ್ ಓಡಬೇಕಿತ್ತು. 82ನೇ ಲ್ಯಾಪ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಫೆರಾರಿಯ ಲೊರೆಂಜೊ ಬಂದಿನಿ ಬಂದರಿನ ಪಕ್ಕದ ಷಿಕೇನ್‌ಗೆ ಬಡಿದರು. ಕಾರು ಮಗುಚಿ ಬೆಂಕಿ ಹತ್ತಿತು. ತಡೆಗಾಗಿ ಪೇರಿಸಿಟ್ಟಿದ್ದು ಹುಲ್ಲಿನ ಪೆಂಡಿ. ಜೀವ ಉಳಿಸಲಿ ಅಂತ ಇಟ್ಟದ್ದೇ ಉರಿಗೆ ಸೌದೆಯಾಯಿತು. ಬಂದಿನಿ ಮೂರು ದಿನ ನರಳಿ ಸತ್ತರು. ಮುಂದಿನ ವರ್ಷ ಲ್ಯಾಪ್‌ಗಳನ್ನು 80ಕ್ಕೆ ಇಳಿಸಿದರು. ಹುಲ್ಲಿನ ಪೆಂಡಿಗಳೂ ಕ್ರಮೇಣ ಹೋಗಿ ಉಕ್ಕಿನ ತಡೆಗೋಡೆ ಬಂತು. ಇವತ್ತು ಚಾಲಕರು ಗೋಡೆಗೆ ಟೈರ್ ಸವರಿಕೊಂಡು ಹೋಗುವುದನ್ನು ನಾವು ಚಪ್ಪಾಳೆ ತಟ್ಟಿ ನೋಡುತ್ತೇವೆ. ಆ ಗೋಡೆ ಅಲ್ಲಿಗೆ ಬಂದದ್ದರ ಹಿಂದೆ ಇಂಥ ಸಾವುಗಳಿವೆ.

ಹಿಂದೆ ಮಾತ್ರ ಹಿಂದಿಕ್ಕುತ್ತಿದ್ದರಾ?

ಈಗ ಮುಖ್ಯ ಜಗಳಕ್ಕೆ ಬರೋಣ. 'ಕಾರುಗಳು ದೊಡ್ಡದಾದವು, ಅದಕ್ಕೇ ಹಿಂದಿಕ್ಕಲು ಆಗುತ್ತಿಲ್ಲ' ಎಂಬುದು ಎಲ್ಲರೂ ಹೇಳುವ ಮಾತು. ಅರ್ಧ ನಿಜ. ಉದ್ದ, ತೂಕ ಎರಡೂ ವಿಪರೀತ ಏರಿವೆ. 1988ರ ಮೆಕ್‌ಲಾರೆನ್ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಮೂರು ಮೀಟರ್ ಕೂಡ ಇರಲಿಲ್ಲ. 2022ರಿಂದ 2025ರವರೆಗಿನ ಕಾರುಗಳಿಗೆ 3.6 ಮೀಟರ್‌ವರೆಗೆ ಅವಕಾಶವಿತ್ತು. 1992ರಲ್ಲಿ ಕನಿಷ್ಠ ತೂಕ 505 ಕಿಲೋ, 2025ರಲ್ಲಿ 800. ಆದರೆ ಅಗಲ? 1992ರವರೆಗೆ 2.15 ಮೀಟರ್ ಅಗಲದ ಕಾರಿಗೂ ಅನುಮತಿ ಇತ್ತು. 2025ರದ್ದು 2 ಮೀಟರ್. ಅಂದರೆ ಹಳೆಯ ಕಾರುಗಳು ಇವಕ್ಕಿಂತ ಅಗಲವೇ ಇದ್ದವು.

ಅದೇ 1992ರ ರೇಸ್ ನೋಡಿ. ನೈಜೆಲ್ ಮ್ಯಾನ್ಸೆಲ್ ಆ ವರ್ಷದ ಮೊದಲ ಐದೂ ರೇಸ್ ಗೆದ್ದು ಬಂದಿದ್ದರು. ಇಲ್ಲೂ ಮುಂದಿದ್ದವರು, ಮುಗಿಯಲು ಏಳೆಂಟು ಲ್ಯಾಪ್ ಇರುವಾಗ ಚಕ್ರದ ತೊಂದರೆಯಿಂದ ಪಿಟ್‌ಗೆ ಹೋಗಬೇಕಾಯಿತು. ಹೊರಬರುವಷ್ಟರಲ್ಲಿ ಐರ್ಟನ್ ಸೆನ್ನಾ ಮುಂದೆ. ಹೊಸ ಟೈರ್, ಎಷ್ಟೋ ವೇಗದ ಕಾರು ಇಟ್ಟುಕೊಂಡು ಮ್ಯಾನ್ಸೆಲ್ ಎಡಕ್ಕೆ ನುಗ್ಗಿದರು, ಬಲಕ್ಕೆ ನುಗ್ಗಿದರು. ಸೆನ್ನಾ ಸವೆದ ಟೈರಿನಲ್ಲೇ ದಾರಿ ಬಿಡಲಿಲ್ಲ. ಗೆದ್ದದ್ದು 0.215 ಸೆಕೆಂಡಿನಲ್ಲಿ. ಮೊನಾಕೊದ ಅತಿ ರೋಮಾಂಚಕ ಗಳಿಗೆ ಯಾವುದು ಅಂತ ಕೇಳಿದರೆ ಬಹಳ ಜನ ಇದನ್ನೇ ಹೇಳುತ್ತಾರೆ. ಅದರಲ್ಲಿ ಕೂಡ ಯಾರೂ ಯಾರನ್ನೂ ಹಿಂದಿಕ್ಕಿಲ್ಲ!

ಹಾಗಾದರೆ ಬದಲಾದದ್ದು ಏನು? ನನ್ನ ಪ್ರಕಾರ, ಮುಂದಿರುವವನು ತಪ್ಪು ಮಾಡುವುದು ನಿಂತುಹೋಯಿತು. ಅವನ ಕಾರು ಕೆಡುವುದೂ ನಿಂತುಹೋಯಿತು. ಮೊದಲು ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ಗೇರ್ ಮೇಲೆ. ಸಾವಿರಾರು ಸಲ ಗೇರ್ ಬದಲಿಸಬೇಕು, ಒಮ್ಮೆ ತಪ್ಪಿದರೆ ಎಂಜಿನ್ ಹೋಯಿತು. ಗೇರ್‌ಬಾಕ್ಸ್ ಒಡೆಯುತ್ತಿತ್ತು, ಬ್ರೇಕ್ ಸೋಲುತ್ತಿತ್ತು, ಮನುಷ್ಯ ಸುಸ್ತಾಗುತ್ತಿದ್ದ. ಹಿಂದಿರುವವನು ಹಿಂದಿಕ್ಕಬೇಕಾಗಿಯೇ ಇರಲಿಲ್ಲ, ಒತ್ತಡ ಹಾಕಿ ಕಾದರೆ ಸಾಕಿತ್ತು.

1982ರ ಕೊನೆಯ ಮೂರು ಲ್ಯಾಪ್‌ಗಳನ್ನು ಯಾರೂ ಕಥೆ ಕಟ್ಟಿ ಹೇಳಿದರೆ ನಂಬಲಾರಿರಿ. ಮುಂದಿದ್ದ ಅಲೈನ್ ಪ್ರೊಸ್ಟ್ ಗೋಡೆಗೆ ಹೊಡೆದರು. ಮುನ್ನಡೆ ಸಿಕ್ಕ ರಿಕಾರ್ಡೊ ಪತ್ರೇಸೆ ಗಿರಕಿ ಹೊಡೆದು ನಿಂತರು. ಆಮೇಲೆ ಮುಂದೆ ಬಂದ ಪಿರೋನಿಯ ಕಾರು ಸುರಂಗದಲ್ಲಿ ಕೆಟ್ಟು ನಿಂತಿತು. ದೆ ಚೆಸಾರಿಸ್‌ಗೆ ಪೆಟ್ರೋಲ್ ಮುಗಿಯಿತು. ಡೆರೆಕ್ ಡಾಲಿಯ ಗೇರ್‌ಬಾಕ್ಸ್ ಹೋಯಿತು. ಅಷ್ಟರಲ್ಲಿ ಇಳಿಜಾರಿನಲ್ಲಿ ಕಾರು ಉರುಳಿಸಿ ಸ್ಟಾರ್ಟ್ ಮಾಡಿಕೊಂಡ ಪತ್ರೇಸೆ, ತಾನು ಗೆದ್ದೆ ಅಂತ ತಿಳಿಯದೆಯೇ ಗೆದ್ದುಬಿಟ್ಟಿದ್ದರು. 1996ರಲ್ಲಿ ಹೊರಟ 21 ಕಾರುಗಳಲ್ಲಿ ಓಡುತ್ತಾ ಗುರಿ ದಾಟಿದ್ದು ಮೂರೇ. 14ನೇ ಸ್ಥಾನದಿಂದ ಹೊರಟ ಒಲಿವಿಯೆ ಪಾನಿಸ್ ಗೆದ್ದರು.

ಈ ತಪ್ಪುಗಳಿಂದ ಸೆನ್ನಾ ಕೂಡ ಹೊರತಲ್ಲ. ಇಲ್ಲಿ ಆರು ಬಾರಿ ಗೆದ್ದ ದಾಖಲೆ ಅವರದು. ಅದಕ್ಕೂ ಮೊದಲು ಮೊನಾಕೊದ ರಾಜ ಅನಿಸಿಕೊಂಡ ಗ್ರಹಾಂ ಹಿಲ್ ಗೆದ್ದದ್ದು ಐದು ಸಲ. 1988ರ ಅರ್ಹತಾ ಸುತ್ತಿನಲ್ಲಿ ಅದೇ ಕಾರಿನ ಪ್ರೊಸ್ಟ್‌ಗಿಂತ ಸೆನ್ನಾ 1.427 ಸೆಕೆಂಡ್ ವೇಗ. ರೇಸಿನಲ್ಲೂ ಭಾರೀ ಅಂತರದಲ್ಲಿ ಮುಂದಿದ್ದವರು, ಮುಗಿಯಲು ಹನ್ನೊಂದೋ ಹನ್ನೆರಡೋ ಲ್ಯಾಪ್ ಇದೆ ಅನ್ನುವಾಗ ಪೋರ್ಟಿಯೇ ತಿರುವಿನಲ್ಲಿ ತಡೆಗೋಡೆಗೆ ತಾಗಿಸಿಬಿಟ್ಟರು. ಕಾರಿನಿಂದ ಇಳಿದು ಸೀದಾ ಹತ್ತಿರದಲ್ಲೇ ಇದ್ದ ತಮ್ಮ ಫ್ಲಾಟಿಗೆ ನಡೆದು ಹೋದರು. ಹಿಂದೆ ಯಾರೂ ಇಲ್ಲದಾಗಲೂ ಬೀದಿ ಅವರನ್ನು ಸೋಲಿಸಿತ್ತು.

ಈಗ 2018ಕ್ಕೆ ಬನ್ನಿ. ಮುಂದಿದ್ದ ಡೇನಿಯಲ್ ರಿಕಾರ್ಡೊ ಕಾರಿನ ವಿದ್ಯುತ್ ಘಟಕ ಅರ್ಧ ದಾರಿಗೂ ಮುಂಚೆ ಕೈಕೊಟ್ಟಿತು. ಕಾಲು ಭಾಗದಷ್ಟು ಶಕ್ತಿ ಹೋಯಿತು. ಎಂಟು ಗೇರ್‌ಗಳಲ್ಲಿ ಆರನ್ನಷ್ಟೇ ಬಳಸುತ್ತಾ ಐವತ್ತು ಲ್ಯಾಪ್ ಓಡಿಸಿದರು, ಗೆದ್ದರು. ಅದು ಅವರ ಹೆಚ್ಚುಗಾರಿಕೆ, ಒಪ್ಪೋಣ. ಆದರೆ ಕುಂಟುವ ಕಾರನ್ನೂ ಹಿಂದಿಕ್ಕಲಾಗದು ಅಂದಮೇಲೆ ಉಳಿದವರು ಭಾನುವಾರ ಯಾಕೆ ಬರಬೇಕು?

2024ರಲ್ಲಿ ಆದದ್ದು ಇದರ ಮುಂದಿನ ಹೆಜ್ಜೆ. ಮೊದಲ ಲ್ಯಾಪಿನ ಅಪಘಾತಕ್ಕೆ ರೇಸ್ ನಿಲ್ಲಿಸಿದಾಗ ಎಲ್ಲರೂ ಪುಕ್ಕಟೆಯಾಗಿ ಟೈರ್ ಬದಲಿಸಿಕೊಂಡರು. ಆಮೇಲೆ ಪಿಟ್‌ಗೆ ಹೋಗುವ ಅಗತ್ಯವೇ ಇಲ್ಲದೆ, ಮದುವೆ ದಿಬ್ಬಣದ ಹಾಗೆ ಸಾಲಾಗಿ ಸಾಗಿದರು. ಅಲ್ಲಿಂದಾಚೆ ಒಂದೇ ಒಂದು ಕಾರೂ ಕೆಡಲಿಲ್ಲ. 16 ಕಾರು ಗುರಿ ಮುಟ್ಟಿದವು.

ಮದ್ದು ರೋಗಕ್ಕಿಂತ ಕೆಟ್ಟದಾದಾಗ

ಇದಕ್ಕೆ ಮದ್ದು ಅಂತ 2025ರಲ್ಲಿ ಮೊನಾಕೊಗೆ ಮಾತ್ರ ಒಂದು ನಿಯಮ ತಂದರು: ಪ್ರತಿಯೊಬ್ಬರೂ ಕನಿಷ್ಠ ಮೂರು ಜೊತೆ ಟೈರ್ ಬಳಸಬೇಕು, ಅಂದರೆ ಎರಡು ಸಲ ಪಿಟ್‌ಗೆ ಬರಲೇಬೇಕು. ಆಗ ಸ್ಥಾನಗಳು ಅದಲುಬದಲಾಗಬಹುದು ಎಂಬ ಲೆಕ್ಕ. ತಂಡಗಳು ಒಂದೇ ವಾರಾಂತ್ಯದಲ್ಲಿ ಅದಕ್ಕೆ ಉಪಾಯ ಹುಡುಕಿದವು. ತಂಡದ ಒಬ್ಬ ಚಾಲಕ ಬೇಕೆಂದೇ ನಿಧಾನವಾಗಿ ಓಡಿಸಿ ಹಿಂದಿನವರನ್ನೆಲ್ಲ ತಡೆಯುವುದು, ಆ ಅಂತರದಲ್ಲಿ ಇನ್ನೊಬ್ಬ ಪಿಟ್‌ಗೆ ಹೋಗಿಬರುವುದು. ರೇಸಿಂಗ್ ಬುಲ್ಸ್ ಮಾಡಿತು, ವಿಲಿಯಮ್ಸ್ ಸರದಿಯ ಮೇಲೆ ಮಾಡಿತು. ತಡೆದು ತಡೆದು ರೇಗಿಹೋದ ಜಾರ್ಜ್ ರಸೆಲ್ ಷಿಕೇನ್ ಅನ್ನೇ ಅಡ್ಡ ಹಾದು ಮುಂದೆ ಹೋಗಿ, ದಂಡ ಬೇಕಾದರೆ ಹಾಕಿ ಅಂದರು. ಹಾಕಿದರು. ಕೊನೆಗೆ ನಾರಿಸ್, ಲೆಕ್ಲೇರ್, ಪಿಯಾಸ್ತ್ರಿ, ವೆರ್‌ಸ್ಟಾಪನ್: ಮೊದಲ ನಾಲ್ವರು ಹೊರಟ ಕ್ರಮದಲ್ಲೇ ಮುಗಿಸಿದರು.

ಅದೇ ವಾರಾಂತ್ಯ ನಮಗೆ ಖುಷಿ ಕೊಟ್ಟ ಸಂಗತಿಯೊಂದು ನಡೆಯಿತು. ಫಾರ್ಮುಲಾ ಒನ್‌ಗೆ ಕೆಳಗಿನ ಮೆಟ್ಟಿಲಾದ ಫಾರ್ಮುಲಾ ಟೂನ ಶನಿವಾರದ ಸ್ಪ್ರಿಂಟ್ ರೇಸನ್ನು ಬೆಂಗಳೂರಿನ ಹುಡುಗ ಕುಶ್ ಮೈನಿ ಗೆದ್ದರು. ಭಾರತೀಯರೊಬ್ಬರು ಮೊನಾಕೊದಲ್ಲಿ ಫಾರ್ಮುಲಾ ಟೂ ರೇಸ್ ಗೆದ್ದದ್ದು ಅದೇ ಮೊದಲು. ಸ್ಪ್ರಿಂಟ್‌ನಲ್ಲಿ ಮೊದಲ ಹತ್ತು ಸ್ಥಾನ ತಲೆಕೆಳಗಾಗುತ್ತವೆ. ಹಾಗಾಗಿ ಮೈನಿ ಎಲ್ಲರಿಗಿಂತ ಮುಂದೆ ನಿಂತಿದ್ದರು, ಕೊನೆವರೆಗೂ ಆ ಜಾಗ ಬಿಟ್ಟುಕೊಡಲಿಲ್ಲ. ಮೊನಾಕೊ ಈ ಸಲ ನಮ್ಮ ಕಡೆಗಿತ್ತು ಅಷ್ಟೆ. 2008ರಲ್ಲಿ ಹಾಗಿರಲಿಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡಕ್ಕೆ ಅದು ಮೊದಲ ವರ್ಷ, ಒಂದು ಪಾಯಿಂಟೂ ಬಂದಿರಲಿಲ್ಲ. ಮಳೆಯ ಮೊನಾಕೊದಲ್ಲಿ ಅಡ್ರಿಯನ್ ಸುಟಿಲ್ ಬಹಳ ಹಿಂದಿನಿಂದ ನಾಲ್ಕನೇ ಸ್ಥಾನಕ್ಕೆ ಬಂದಿದ್ದರು. ಮುಗಿಯಲು ಕೆಲವೇ ಲ್ಯಾಪ್ ಇರುವಾಗ, ಸುರಂಗದಿಂದ ಹೊರಬಂದ ಕಿಮಿ ರೈಕೊನೆನ್‌ಗೆ ಹಿಡಿತ ತಪ್ಪಿ ಹಿಂದಿನಿಂದ ಗುದ್ದಿದರು. ಪಿಟ್‌ಗೆ ವಾಪಸಾದ ಸುಟಿಲ್ ಅತ್ತೇಬಿಟ್ಟರು. ಟೀವಿ ಮುಂದೆ ಕೂತ ನಾವೂ ಅಷ್ಟೇ, ಆ ತಂಡದ ಬಗ್ಗೆ ಆಮೇಲೆ ಏನೇನೋ ಕೇಳಬೇಕಾಯಿತು ಅನ್ನುವುದು ಬೇರೆ ಮಾತು.

ಈ ಕಾರಣಕ್ಕೇ ನನಗೆ ಕೃತಕ ಮದ್ದುಗಳ ಬಗ್ಗೆ ನಂಬಿಕೆ ಇಲ್ಲ. ಎರಡು ಪಿಟ್ ಮಾಡಿಸಿದರೆ ನಾಲ್ಕು ಉಪಾಯ ಹುಟ್ಟುತ್ತವೆ. ಟ್ರ್ಯಾಕ್ ಬದಲಿಸೋಣ ಅಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ನಡುವೆ ಕಟ್ಟಡಗಳು. ಬದಲಾಗಬೇಕಾದದ್ದು ಕಾರು. 2026ರ ನಿಯಮಗಳಲ್ಲಿ ಚಕ್ರಗಳ ನಡುವಿನ ಉದ್ದ 20 ಸೆಂಟಿಮೀಟರ್, ಅಗಲ 10 ಸೆಂಟಿಮೀಟರ್, ತೂಕ 30 ಕಿಲೋದಷ್ಟು ಇಳಿಸಿದ್ದಾರೆ. ಇಷ್ಟಕ್ಕೇ ಹೇರ್‌ಪಿನ್‌ನಲ್ಲಿ ಎರಡು ಕಾರು ಜೊತೆಗೆ ತಿರುಗುತ್ತವೆ ಅಂತ ನಾನೇನೂ ಅಂದುಕೊಂಡಿಲ್ಲ. ಆದರೆ ಹೊರಟ ದಿಕ್ಕು ಸರಿ ಇದೆ. ಇನ್ನು ಚಾಲಕನ ಕೈಗೆ ತಪ್ಪು ಮಾಡುವ ಅವಕಾಶ ವಾಪಸ್ ಕೊಡುವಷ್ಟು ಧೈರ್ಯ ಯಾವ ಎಂಜಿನಿಯರಿಗೂ ಇದ್ದ ಹಾಗಿಲ್ಲ.

ಅಲ್ಲಿಯವರೆಗೆ ನನ್ನ ಸಲಹೆ ಇಷ್ಟೇ: ಮೊನಾಕೊ ನೋಡುವುದಾದರೆ ಶನಿವಾರ ನೋಡಿ. ಅರ್ಹತಾ ಸುತ್ತಿನ ಕೊನೆಯ ಹತ್ತು ನಿಮಿಷ, ಕಾರಿನ ಮೇಲಿನ ಕ್ಯಾಮೆರಾದಲ್ಲಿ. ಈಜುಕೊಳದ ಹತ್ತಿರ ಮುಂದಿನ ಟೈರ್ ತಡೆಗೋಡೆಯನ್ನು ಸವರುತ್ತದೆಯೋ ಇಲ್ಲವೋ ಅನ್ನುವಷ್ಟು ಹತ್ತಿರ ಹೋಗುತ್ತದೆ. ಒಂದು ಬೆರಳಿನಷ್ಟು ಹೆಚ್ಚಾದರೆ ಚಕ್ರವೇ ಕಿತ್ತುಬರುತ್ತದೆ. 2021ರಲ್ಲಿ ಲೆಕ್ಲೇರ್ ಅಲ್ಲೇ ಗೋಡೆಗೆ ಹೊಡೆದರು, ಆದರೂ ಅಷ್ಟರಲ್ಲಿ ಮೊದಲ ಸ್ಥಾನ ಅವರದ್ದಾಗಿತ್ತು. ಮರುದಿನ ಕಾರು ಶುರುವಿನ ಸಾಲಿಗೆ ಬರುವ ಮೊದಲೇ ಕೆಟ್ಟು, ತನ್ನ ಊರಿನ ರೇಸನ್ನು ಅವರು ಗ್ಯಾರೇಜಿನಿಂದ ನೋಡಬೇಕಾಯಿತು. ಫಾರ್ಮುಲಾ ಒನ್ ಜೊತೆಗಿನ ಒಪ್ಪಂದ 2035ರವರೆಗೂ ಇದೆ, ರೇಸ್ ಎಲ್ಲಿಗೂ ಹೋಗುವುದಿಲ್ಲ. ಮೇ ಕೊನೆಯಲ್ಲಿ ಹುಡುಕಬೇಡಿ, 2026ರಿಂದ ಅದನ್ನು ಜೂನ್‌ಗೆ ಸರಿಸಿದ್ದಾರೆ.